ಬ್ರೇಕ್ ಒತ್ತಿದ್ರೆ ಸ್ಪೀಡೋಮೀಟರ್ ದೀಪ ಹತ್ತುತ್ತೆ, ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ರೆ ಇಂಜಿನ್ ಆಫ್: 1969ರ ಜಾವಾ, ಮೂರು ಅನಾಥ ವೈರು

ಹನುಮಂತನಗರ_ಜಾವಾ

ಎಲ್ಲರಿಗೂ ನಮಸ್ಕಾರ. ಗಾಡಿ 1969ರ ಜಾವಾ 250. ಮೈಸೂರಲ್ಲಿ ತಯಾರಾದದ್ದು, 6 ವೋಲ್ಟು, ಡೈನಮೋ, ಪಾಯಿಂಟ್ ಸೆಟ್ಟು (ಕಿಡಿ ಬರೋಕೆ ಕರೆಂಟನ್ನ ಕಡಿಯೋ ಪುಟ್ಟ ಸ್ವಿಚ್ಚು). ಅಪ್ಪ 1978ರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ಹನುಮಂತನಗರದಿಂದ ಜಾಲಹಳ್ಳಿ ಎಚ್‌ಎಂಟಿಗೆ ರಿಟೈರ್ ಆಗೋ ತನಕ ಇದರಲ್ಲೇ ಹೋಗಿಬಂದ್ರು. ಅವರು ಹೋಗಿ ಆರು ವರ್ಷ ಆಯ್ತು. ಗಾಡಿ ನಾಲ್ಕು ವರ್ಷ ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು. ಕಳೆದ ವರ್ಷ ಬಣ್ಣ ಹೊಡೆಸಿ, ಹೊಸ ಬ್ಯಾಟರಿ ಹಾಕಿಸಿ, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಲಾಲ್‌ಬಾಗ್ ತನಕ ಓಡಿಸ್ತಾ ಇದ್ದೀನಿ.

ತೊಂದರೆ ಎರಡು.

ಒಂದು. ಕೀಲಿ ಆನ್, ಲೈಟ್ ಸ್ವಿಚ್ ಆಫ್. ಹಿಂದಿನ ಬ್ರೇಕ್ ಒತ್ತಿದ್ರೆ ಬ್ರೇಕ್ ಲೈಟು ಹತ್ತಲ್ಲ, ಸ್ಪೀಡೋಮೀಟರ್ ಒಳಗಿನ ಪುಟ್ಟ ದೀಪ ಹತ್ತುತ್ತೆ! ಕಾಲು ತೆಗೆದ್ರೆ ಆರುತ್ತೆ. ಮೊದಲ ಸಲ ನೋಡಿದಾಗ ನಗು ಬಂತು, ಆಮೇಲೆ ಭಯ ಆಯ್ತು.

ಎರಡು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದ್ರೆ ಇಂಜಿನ್ ಟಪ್ ಅಂತ ನಿಲ್ಲುತ್ತೆ. ನೇರ ಮಾಡಿ ಕಿಕ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ದೊಡ್ಡ ಹಂಪ್ ಹತ್ತಿಸಿದಾಗಲೂ ಒಂದೆರಡು ಸಲ ಹೀಗೇ ಆಗಿದೆ. ನಿಂತಾಗಲೂ ಹಾರ್ನ್ ಹೊಡೆಯುತ್ತೆ, ಹೆಡ್‌ಲೈಟ್ ಹತ್ತುತ್ತೆ. ಎರಡು ತಿಂಗಳ ಹಿಂದೆ ಕ್ಲಚ್ ಕೇಬಲ್ ಬದಲಾಯಿಸಿದ ಮೇಲೆ ಶುರುವಾಯ್ತು ಅಂತ ನೆನಪು.

ಇನ್ನು ವೈರುಗಳು. ಡೂಮ್ (ಹೆಡ್‌ಲೈಟ್ ಕೂತಿರೋ ಲೋಹದ ಗೂಡು) ಬಿಚ್ಚಿ ನೋಡಿದೆ. ಒಳಗೆ ಹಕ್ಕಿಗೂಡು. ಬಣ್ಣಗಳೆಲ್ಲ ಒಂದೇ ಥರ ಬೂದಿ ಆಗಿವೆ. ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗದ ಮೂರು ವೈರು ಸಿಕ್ಕಿವೆ.

ಡೂಮ್ ಒಳಗೆ ಒಂದು ಹಸಿರು ವೈರು, ತುದಿಗೆ ಟೇಪು. ಹಿಂದೆ ಮಡ್‌ಗಾರ್ಡ್ ಒಳಗೆ ಒಂದು ಸಣ್ಣ ನೀಲಿ ವೈರು, ಅದರ ತುದಿಗೂ ಟೇಪು. ಮೂರನೇದು ವಿಚಿತ್ರ. ಹಿಂದಿನ ಕಾಲದಲ್ಲಿ ಮನೆಯ ಟೇಬಲ್ ಫ್ಯಾನಿಗೆ ಬರ್ತಿತ್ತಲ್ಲ, ಕೆಂಪು ಕಪ್ಪು ಹೆಣೆದ ವೈರು, ಅದು. ಟ್ಯಾಂಕಿನ ಕೆಳಗಿಂದ ಸೀಟಿನ ಕಡೆ ಹೋಗಿ ಮಾಯ ಆಗುತ್ತೆ. ಗಾಡಿ ನೋಡಿದ ಮೆಕ್ಯಾನಿಕ್ ಒಬ್ಬರು "ಇವೆಲ್ಲ ವೇಸ್ಟು ಮೇಡಂ, ಕಟ್ ಮಾಡಿಬಿಡ್ತೀನಿ" ಅಂತ ಕಟಿಂಗ್ ಪ್ಲೇಯರ್ ತೆಗೆದ್ರು. ನಾನೇ ತಡೆದೆ. ತಡೆದಿದ್ದು ಸರಿನಾ ತಪ್ಪಾ ಅನ್ನೋದೂ ನನ್ನ ಪ್ರಶ್ನೆಯಲ್ಲಿ ಸೇರಿದೆ.

ಮನೇಲಿ ಒಂದು ಸಾಧಾರಣ ಮಲ್ಟಿಮೀಟರ್ ಇದೆ. ಎಲ್ಲಿಂದ ಶುರು ಮಾಡ್ಲಿ?

ಕಾರ್ಬ್_ಕೆಂಚ

ಗುರು, ತಲೆ ಕೆಡಿಸ್ಕೊಬೇಡ. ಹಳೇ ಹಾರ್ನೆಸ್ (ವೈರುಗಳ ಕಟ್ಟು) ಪೂರ್ತಿ ಕಿತ್ತು ಬಿಸಾಕು. ಜೆ.ಸಿ. ರೋಡಲ್ಲಿ ರೆಡಿಮೇಡ್ ಸಿಗುತ್ತೆ, ಒಂದು ದಿನದ ಕೆಲಸ. ಹಾಗೇ 12 ವೋಲ್ಟ್ ಮಾಡಿಸ್ಕೋ. 6 ವೋಲ್ಟ್ ಅಂದ್ರೆ ಮೇಣದಬತ್ತಿ ಹಿಡ್ಕೊಂಡು ಗಾಡಿ ಓಡಿಸಿದ ಹಾಗೆ.

ಕಲಾಸಿಪಾಳ್ಯದ_ಹಳೇ_ಕೈ

ಕೆಂಚಣ್ಣ, ಒಂದು ನಿಮಿಷ. ಹೊಸ ಹಾರ್ನೆಸ್ ಹಾಕಿದ್ರೂ ಅರ್ಥ್ (ಕರೆಂಟು ಫ್ರೇಮಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ) ಸರಿಯಿಲ್ಲದಿದ್ರೆ ಅದೇ ತೊಂದರೆ ಹೊಸ ಬಣ್ಣದಲ್ಲಿ ಬರುತ್ತೆ. 12 ವೋಲ್ಟ್ ಮಾಡೋದಾದ್ರೆ ರೆಗ್ಯುಲೇಟರ್, ಕಿಡಿ ಹುಟ್ಟಿಸೋ ಕಾಯಿಲ್, ಹಾರ್ನ್, ಎಲ್ಲಾ ಬಲ್ಬು ಬದಲಾಗಬೇಕು. ರೋಗ ಯಾವುದು ಅಂತ ಗೊತ್ತಾಗೋ ಮೊದಲೇ ರೋಗೀನೇ ಬದಲಾಯಿಸಿದ ಹಾಗೆ.

ಮೇಡಂ, (ನಿಮ್ಮ ಬರಹದಲ್ಲೇ ಮೇಡಂ ಅಂತಿದೆ, ಕೆಂಚಣ್ಣ ಗಮನಿಸಿಲ್ಲ) ನಾನು ಮೂವತ್ತೆಂಟು ವರ್ಷ ಆಟೋ ಎಲೆಕ್ಟ್ರಿಕ್ ಕೆಲಸ ಮಾಡಿದವನು. ಈಗ ಕೈ ನಡುಗುತ್ತೆ, ಅದಕ್ಕೆ ಬರೀ ಬಾಯಿ. ತಡೆದಿದ್ದು ಸರಿ. ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗದ ವೈರಿಗೆ ಕತ್ತರಿ ಹಾಕಬಾರದು. ಗೊತ್ತಾದ ಮೇಲೆ ಹಾಕಬೇಕೋ ಬೇಡವೋ ಯೋಚನೆ ಮಾಡಿ.

ಮೊದಲು ಬ್ಯಾಟರಿ. ಚಾರ್ಜ್ ಮಾಡಿ ಒಂದು ರಾತ್ರಿ ಸುಮ್ಮನೆ ಬಿಟ್ಟರೆ ಬೆಳಿಗ್ಗೆ 6.3, 6.4 ತೋರಿಸಬೇಕು. 6.0 ಅಂದ್ರೆ ಮುಕ್ಕಾಲು ಖಾಲಿ. ಖಾಲಿ ಬ್ಯಾಟರಿ ಇಟ್ಕೊಂಡು ವೈರು ಹುಡುಕಿದ್ರೆ ಮೀಟರು ಹೇಳೋದೆಲ್ಲ ಸುಳ್ಳು. ಬ್ಯಾಟರಿಯ ಯಾವ ತುದಿ ಫ್ರೇಮಿಗೆ ಹೋಗಿದೆ ಅಂತಲೂ ನೋಡಿ ಬರೆದಿಟ್ಕೊಳ್ಳಿ. ಇಂಗ್ಲೆಂಡಿನ ಹಳೇ ಬಿಎಸ್‌ಎ, ಟ್ರಯಂಫ್‌ಗಳಲ್ಲಿ ಪ್ಲಸ್ ಫ್ರೇಮಿಗೆ ಇರ್ತಿತ್ತು. ಅಂಥದಕ್ಕೆ ಅಭ್ಯಾಸದ ಮೇಲೆ ಉಲ್ಟಾ ಹಾಕಿ ಕೈ ಸುಟ್ಟುಕೊಂಡವರನ್ನ ಎಷ್ಟೋ ಜನ ನೋಡಿದ್ದೀನಿ.

ಬ್ರೇಕ್ ಲೈಟಿನ ತೊಂದರೆ ಹಿಂದಿನ ಲ್ಯಾಂಪಿನ ಅರ್ಥ್. ಗಾಡಿ ನೋಡದೆ ಇಷ್ಟು ಧೈರ್ಯವಾಗಿ ಹೇಳೋದು ಇದೊಂದನ್ನೇ. ಒತ್ತಿದ್ದೊಂದು ಹತ್ತಿದ್ದೊಂದು ಅಂದ್ರೆ ಕರೆಂಟಿಗೆ ಮನೆಗೆ ಹೋಗೋ ದಾರಿ ಇಲ್ಲ, ಪಕ್ಕದ ಮನೆ ಹಿತ್ತಲಿಂದ ಹೋಗ್ತಾ ಇದೆ ಅಂತ ಅರ್ಥ.

ಇಂಜಿನ್ ನಿಲ್ಲೋದಕ್ಕೆ ಬೇರೆ ಲೆಕ್ಕ. ನಿಂತಾಗ ಹಾರ್ನ್ ಹೊಡೆಯುತ್ತೆ ಅಂದ್ರಲ್ಲ, ಒಳ್ಳೇ ಮಾಹಿತಿ ಕೊಟ್ರಿ. ಬ್ಯಾಟರಿಯಿಂದ ಸ್ವಿಚ್ ತನಕ ಸರಿ ಇದೆ. ಫ್ಯೂಸೂ ಹೋಗ್ತಿಲ್ಲ. ಹಾಗಾದ್ರೆ ಉಳಿದದ್ದು ಎರಡೇ. ಸ್ವಿಚ್ಚಿಂದ ಕಾಯಿಲಿಗೆ ಹೋಗೋ ವೈರು ಹ್ಯಾಂಡಲ್ ತಿರುಗಿದಾಗ ಬಿಟ್ಟುಕೊಳ್ತಾ ಇದೆ. ಇಲ್ಲಾಂದ್ರೆ ಕಾಯಿಲಿಂದ ಪಾಯಿಂಟಿಗೆ ಹೋಗೋ ವೈರು ಎಲ್ಲೋ ಫ್ರೇಮಿಗೆ ತಾಗ್ತಾ ಇದೆ. ಪಾಯಿಂಟ್ ತೆರೆದಾಗ ಕಾಯಿಲಿನ ಕರೆಂಟು ಕಡಿದ್ರೆ ತಾನೇ ಕಿಡಿ? ಆ ವೈರು ಫ್ರೇಮಿಗೆ ತಾಗಿದ್ರೆ ಪಾಯಿಂಟ್ ತೆರೆದ್ರೂ ಕರೆಂಟು ಹರೀತಾನೇ ಇರುತ್ತೆ, ಕಿಡಿ ಇಲ್ಲ. ನಡುವೆ ಕಾಯಿಲ್ ಇರೋದ್ರಿಂದ ಫ್ಯೂಸೂ ಹೋಗಲ್ಲ. ಕಳ್ಳ ಶಾರ್ಟು ಇದು.

ಪರೀಕ್ಷೆ ಹೀಗೆ. ಬ್ಯಾಟರಿ ಕಳಚಿ. ಪಾಯಿಂಟಿನ ಹತ್ತಿರ ಆ ವೈರು ಬಿಚ್ಚಿ ಗಾಳಿಯಲ್ಲಿ ಬಿಡಿ. ಮೀಟರನ್ನ ಬೀಪ್ ಹೊಡೆಯೋ ಜಾಗಕ್ಕೆ ಇಟ್ಟು ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಫ್ರೇಮಿನ ಬರಿ ಲೋಹಕ್ಕೆ. ಸುಮ್ಮನಿರಬೇಕು. ಈಗ ಹ್ಯಾಂಡಲ್ ಎಡಕ್ಕೆ ತಿರುಗಿಸಿ. ಕೂಗಿದ್ರೆ ಕಳ್ಳ ಸಿಕ್ಕ.

ಇನ್ನೊಂದು ಮಾತು. ಇಂಜಿನ್ ನಿಂತಿರುವಾಗ ಕೀಲಿ ಆನ್ ಮಾಡಿಟ್ಟು ಗಂಟೆಗಟ್ಟಲೆ ಹುಡುಕಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ರೆ ಕಾಯಿಲ್ ಬಿಸಿಯಾಗಿ ಸಾಯುತ್ತೆ.

ಹುಬ್ಬಳ್ಳಿ_ಇನ್_ರಾಜಾಜಿನಗರ

ಹಿರ್ಯಾರ ಮಾತು ಖರೇ ಐತಿ. ಮೇಡಮ್ಮಾರ, ನಂದೊಂದು ಸಣ್ಣ ಮಾತ ಸೇರಿಸ್ರಿ. ಮೀಟರಿನ ವೈರು ಡೂಮಿನಿಂದ ಹಿಂದಿನ ಲ್ಯಾಂಪಿಗೆ ಮುಟ್ಟೂದಿಲ್ಲ. ಮೂರು ಮೀಟರ್ ಉದ್ದದ ಒಂದು ಬ್ಯಾರೆ ವೈರಿಗೆ ಎರಡೂ ಕಡೆ ಮೊಸಳಿ ಕ್ಲಿಪ್ ಹಾಕಿ ಇಟ್ಕೋರಿ. ನಾ ಎರಡ ತಾಸು ನೆಲದ ಮ್ಯಾಲೆ ಉರುಳಾಡಿದ ಮ್ಯಾಲೆ ಈ ಬುದ್ಧಿ ಬಂತ ನನಗ. ಮತ್ತ ಪ್ರತಿ ವೈರಿಗೂ ಬಿಳಿ ಟೇಪಿನ ಚೀಟಿ ಹಚ್ಚಿ ಬರೀರಿ. ಬಿಚ್ಚೂಕಿಂತ ಮೊದ್ಲ ಮೊಬೈಲಿನ್ಯಾಗ ಫೋಟೋ. ಆಮ್ಯಾಲ ನೆನಪ ಇರ್ತೈತಿ ಅಂತ ಅನ್ನಕೋಬ್ಯಾಡ್ರಿ, ಇರೂದಿಲ್ಲ.

ಹನುಮಂತನಗರ_ಜಾವಾ

ಕೆಂಚ ಅವರೇ, ಗುರು ಅಂದಿದ್ದು ತಪ್ಪೇನಲ್ಲ. ಹೈಸ್ಕೂಲು ಟೀಚರ್ ನಾನು, ಹದಿನೇಳು ವರ್ಷದಿಂದ ವಿಜ್ಞಾನ. ಹತ್ತನೇ ಕ್ಲಾಸಿಗೆ ವಿದ್ಯುಚ್ಛಕ್ತಿ ಪಾಠ ನಾನೇ ಮಾಡೋದು. ಅದಕ್ಕೇ ನಾಚಿಕೆ ಆಗ್ತಿದೆ, ಯಾಕೆ ಅಂತ ಹೇಳ್ತೀನಿ.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಕೂತೆ. ಬ್ಯಾಟರಿ 6.35, ಪಾಸ್. ಹುಬ್ಬಳ್ಳಿಯವರು ಹೇಳಿದ ಉದ್ದ ವೈರು ಮಾಡ್ಕೊಂಡೆ. ಮೊದಲು ನೀಲಿ ವೈರು. ಟೇಪು ಬಿಚ್ಚಿದ್ರೆ ತುದಿಯಲ್ಲಿ ಮುರಿದ ಉಂಗುರದ ಅರ್ಧ ಚಂದ್ರ ಇತ್ತು, ಹಸಿರು ಕಿಲುಬು ಹತ್ತಿದ್ದು. ಯಾವುದಕ್ಕೋ ಬೋಲ್ಟ್ ಮಾಡಿದ್ದ ವೈರು, ಹೆಚ್ಚುವರಿಯದಲ್ಲ! ಮೀಟರ್ ಹಿಡಿದೆ. ನೀಲಿಗೂ ಫ್ರೇಮಿಗೂ ಸಂಬಂಧ ಇಲ್ಲ. ನೀಲಿಗೂ ಹಿಂದಿನ ಲ್ಯಾಂಪಿನ ಲೋಹದ ಮೈಗೂ ಬೀಪ್. ಲ್ಯಾಂಪಿನ ಮೈಗೂ ಫ್ರೇಮಿಗೂ ಸಂಬಂಧ ಇಲ್ಲ.

ಅಂದ್ರೆ ಅದು ಲ್ಯಾಂಪಿನ ಅರ್ಥ್ ವೈರು. ಬಣ್ಣ ಹೊಡೆಯುವಾಗ ಉಂಗುರ ಮುರಿದಿದೆ. ಯಾವುದೋ ಬಿಡಿ ವೈರು ಅಂತ ಟೇಪು ಸುತ್ತಿ ಒಳಗೆ ತುರುಕಿದ್ದಾರೆ. ಮೊದಲಾಗಿದ್ರೆ ಬೋಲ್ಟಿನ ಮೂಲಕವಾದ್ರೂ ಅರ್ಥ್ ಸಿಗ್ತಿತ್ತೇನೋ. ಈಗ ಮಡ್‌ಗಾರ್ಡಿಗೆ ಗಾಜಿನ ಹಾಗೆ ಮೂರು ಕೋಟು ಬಣ್ಣ, ಲ್ಯಾಂಪಿನ ಕೆಳಗೆ ರಬ್ಬರ್ ವಾಷರ್ ಬೇರೆ.

ನಾಚಿಕೆ ವಿಷಯಕ್ಕೆ ಬರ್ತೀನಿ. ಯಾಕೆ ಸ್ಪೀಡೋಮೀಟರ್ ದೀಪಾನೇ ಹತ್ತಬೇಕು ಅಂತ ಕಾಗದದ ಮೇಲೆ ಬರೆದೆ. ಹಿಂದಿನ ಬಲ್ಬು ಡಬಲ್ ಫಿಲಮೆಂಟ್, ಬ್ರೇಕಿಗೆ 18 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್. ಎರಡಕ್ಕೂ ಅರ್ಥ್ ಒಂದೇ, ಅದೂ ಇಲ್ಲ. ಬ್ರೇಕ್ ಒತ್ತಿದಾಗ ಕರೆಂಟು ದೊಡ್ಡ ಫಿಲಮೆಂಟ್ ದಾಟಿ, ಹೋಗೋಕೆ ದಾರಿ ಇಲ್ಲದೆ ಸಣ್ಣ ಫಿಲಮೆಂಟಿಗೆ ಉಲ್ಟಾ ನುಗ್ಗಿ, ಪಾರ್ಕಿಂಗ್ ವೈರಲ್ಲಿ ಮುಂದಕ್ಕೆ ಬಂದು, ಅದೇ ಲೈನಿನಲ್ಲಿರೋ ಸ್ಪೀಡೋಮೀಟರ್ ಬಲ್ಬಿನ ಮೂಲಕ ಅರ್ಥ್ ಸೇರ್ತಿದೆ. ಮೂರು ಫಿಲಮೆಂಟು ಸರಣಿ ಜೋಡಣೆ! 6 ವೋಲ್ಟಿಗೆ 18 ವ್ಯಾಟ್ ಅಂದ್ರೆ 2 ಓಮ್, 5 ವ್ಯಾಟ್ ಅಂದ್ರೆ 7.2 ಓಮ್, ಸ್ಪೀಡೋಮೀಟರಿನ 1.2 ವ್ಯಾಟ್ ಅಂದ್ರೆ 30 ಓಮ್. ಒಟ್ಟು 39.2. ಆರು ವೋಲ್ಟಿನಲ್ಲಿ ನಾಲ್ಕೂವರೆಗಿಂತ ಹೆಚ್ಚು ಪುಟ್ಟ ದೀಪಕ್ಕೇ ಸಿಗುತ್ತೆ. ಬ್ರೇಕ್ ಫಿಲಮೆಂಟಿಗೆ ಉಳಿಯೋದು ಮೂರನೇ ಒಂದು ವೋಲ್ಟೂ ಇಲ್ಲ. (ಇದು ಬಿಸಿಯಾದ ಬಲ್ಬಿನ ಲೆಕ್ಕ. ತಣ್ಣಗಿರೋ ಫಿಲಮೆಂಟಿನ ಓಮ್ ಇನ್ನೂ ಕಮ್ಮಿ. ಹಾಗಾಗಿ ಪುಟ್ಟ ದೀಪದ ಪಾಲು ಇನ್ನೂ ಜಾಸ್ತಿ.) "ಸರಣಿಯಲ್ಲಿ ಕಡಿಮೆ ವ್ಯಾಟಿನ ಬಲ್ಬೇ ಹೆಚ್ಚು ಬೆಳಗುತ್ತೆ, ಯಾಕೆ?" ಅಂತ ಪ್ರತಿ ವರ್ಷ ಪ್ರಶ್ನೆ ಕೊಡ್ತೀನಿ. ಎರಡು ಅಂಕ. ನನ್ನ ಕಾಲ ಕೆಳಗೇ ಆ ಪ್ರಶ್ನೆ ಹತ್ತಿ ಆರಿ ಮಾಡ್ತಾ ಇತ್ತು, ಗುರುತು ಸಿಗಲಿಲ್ಲ.

ಹೊಸ ಉಂಗುರ ಹಾಕಿ ಬೆಸುಗೆ ಮಾಡಿದೆ. ಬೋಲ್ಟಿನ ಕೆಳಗೆ ಒಂದು ರೂಪಾಯಿ ಅಗಲ ಬಣ್ಣವನ್ನ ಉಪ್ಪು ಕಾಗದದಲ್ಲಿ ಉಜ್ಜಿ ತೆಗೆದೆ (ಹೊಸ ಬಣ್ಣ, ಕರುಳು ಚುರುಕ್ ಅಂತು), ಗ್ರೀಸ್ ಸವರಿ ಬಿಗಿ ಮಾಡಿದೆ. ಬ್ರೇಕ್ ಲೈಟು ಕೆಂಡದ ಹಾಗೆ ಹತ್ತಿತು.

ಡೂಮಿನ ಹಸಿರು ವೈರು ಎಲ್ಲಿಗೂ ಬೀಪ್ ಇಲ್ಲ. ಡೂಮ್ ಒಳಗೆ ಟರ್ಮಿನಲ್ ಪಕ್ಕ ನಂಬರ್‌ಗಳಿವೆ: 15, 30, 56, 58, 61. ಅವೇನಂತ ಯಾರಾದ್ರೂ ಬಲ್ಲಿರಾ? ಟೇಬಲ್ ಫ್ಯಾನ್ ವೈರಿನ ಸುದ್ದಿಗೆ ಇನ್ನೂ ಹೋಗಿಲ್ಲ, ಅದಕ್ಕೆ ಟ್ಯಾಂಕ್ ಇಳಿಸಬೇಕು.

ಯಾದವಗಿರಿ_ಹುಡುಗ

ಮೇಡಂ, ಮೈಸೂರಿಂದ. ನಮ್ಮ ಸೋದರಮಾವ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿದ್ರು, 1996ರಲ್ಲಿ ಮುಚ್ಚೋ ತನಕ. ಆ ನಂಬರ್‌ಗಳು ಜರ್ಮನ್ ಪದ್ಧತಿಯವು. ಜಾವಾ ಮೂಲ ಜೆಕ್ ದೇಶದ್ದು. ಆ ಕಡೆ ಗಾಡಿಗಳಲ್ಲೆಲ್ಲ ಇದೇ ನಡೀತಿತ್ತು. ಬಣ್ಣ ಮಾಸಿದ್ರೂ ನಂಬರ್ ಮಾಸಲ್ಲ, ಬಣ್ಣ ಬಿಟ್ಟು ಇದನ್ನೇ ನಂಬಿ.

30 ಅಂದ್ರೆ ಬ್ಯಾಟರಿಯಿಂದ ನೇರ, ಯಾವಾಗಲೂ ಕರೆಂಟು ಇರುತ್ತೆ. 15 ಕೀಲಿ ಹಾಕಿದ ಮೇಲೆ ಬರೋದು, ಕಾಯಿಲಿಗೆ ಹೋಗೋದು ಇದೇ. ಕಾಯಿಲಿಂದ ಪಾಯಿಂಟಿಗೆ ಹೋಗೋ ತುದಿಗೆ 1. 56 ಹೆಡ್‌ಲೈಟು, ಅದೇ ಡಿಪ್ಪರ್ ದಾಟಿದ ಮೇಲೆ 56 ಎ, 56 ಬಿ ಆಗುತ್ತೆ. 58 ಪಾರ್ಕಿಂಗು ಮತ್ತು ಮೀಟರ್ ದೀಪ. ನಿಮ್ಮ ಉಲ್ಟಾ ಕರೆಂಟು ಬಂದ ದಾರಿ ಅದೇ! 61 ಡೈನಮೋ ಕಡೆಯದು, ಚಾರ್ಜಿಂಗ್ ದೀಪಕ್ಕೆ. 31 ಅಂತ ಎಲ್ಲಾದ್ರೂ ಕಂಡ್ರೆ ಅದು ಅರ್ಥ್.

ಹಸಿರು ವೈರು ಎರಡೂ ಕಡೆ ಸತ್ತಿದ್ರೆ ಸ್ಲೀವ್ ಹಾಕಿ ಹಾಗೇ ಬಿಡಿ. ಯಾವ ಕಾಲದಲ್ಲೋ ಯಾರೋ ಇಂಡಿಕೇಟರ್ ಹಾಕೋಕೆ ಹೊರಟು ಕೈಬಿಟ್ಟಿರಬಹುದು.

ಕಲಾಸಿಪಾಳ್ಯದ_ಹಳೇ_ಕೈ

ನೋಡಿ, ಕಾಗದದ ಮೇಲೆ ನೀವು ಮಾಡಿದ ಲೆಕ್ಕ ನನಗೆ ಬರ್ತಿರಲಿಲ್ಲ, ಬೆರಳಿಗೆ ಮಾತ್ರ ಗೊತ್ತಿತ್ತು.

ಟ್ಯಾಂಕ್ ಇಳಿಸೋ ಮೊದಲು ಐದು ನಿಮಿಷದ ಇನ್ನೊಂದು ಕೆಲಸ. ಹೆಡ್‌ಲೈಟ್ ಹಾಕಿ. ಮೀಟರ್ ಡಿಸಿ 2 ವೋಲ್ಟಿಗಿಡಿ. ಒಂದು ಕಡ್ಡಿ ಡೂಮಿನ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಅರ್ಥ್ ತುದಿಗೆ. ಸೊನ್ನೆ ಹತ್ತಿರ ಇರಬೇಕು. ಡೂಮಿನ ಅರ್ಥ್ ಬರೋದು ಹ್ಯಾಂಡಲ್ ಬುಡದ ಬಾಲ್ ಬೇರಿಂಗ್ ಮೂಲಕ. ಗ್ರೀಸಲ್ಲಿ ಮುಳುಗಿರೋ ಗುಂಡುಗಳು ಕರೆಂಟು ಸಾಗಿಸೋಕೆ ಹುಟ್ಟಿದವಲ್ಲ. 6 ವೋಲ್ಟ್ ಮೇಣದಬತ್ತಿ ಅಂತ ಬೈಸಿಕೊಳ್ಳೋದು ಅರ್ಧ ಇದರಿಂದ.

ಹನುಮಂತನಗರ_ಜಾವಾ

ಕಥೆ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಮೊದಲು ಬೇರಿಂಗ್. ಡೂಮಿಗೂ ಬ್ಯಾಟರಿಗೂ ನಡುವೆ 0.6 ವೋಲ್ಟ್! ಆರರಲ್ಲಿ ಹತ್ತನೇ ಒಂದು ಪಾಲು ಗ್ರೀಸಿಗೆ ಹೋಗ್ತಿತ್ತು. ವೋಲ್ಟೇಜ್ ನೂರಕ್ಕೆ ಹತ್ತು ಕಮ್ಮಿ ಆದ್ರೆ ಬಲ್ಬಿನ ಬೆಳಕು ಹತ್ತಲ್ಲ, ಸುಮಾರು ಮೂವತ್ತು ಕಮ್ಮಿ ಆಗುತ್ತೆ. ಡೂಮಿಂದ ಬ್ಯಾಟರಿಯ ಅರ್ಥ್ ತನಕ ಬೇರೆ ವೈರು ಎಳೆದೆ. 1 ಚದರ ಮಿಲಿಮೀಟರ್ ತಾಮ್ರಕ್ಕೆ ಮೀಟರಿಗೆ 0.017 ಓಮ್. 35 ವ್ಯಾಟ್ ಬಲ್ಬಿಗೆ ಹತ್ತಿರ ಹತ್ತಿರ 6 ಆಂಪಿಯರ್. ಅಂದ್ರೆ ಮೀಟರಿಗೆ ಸುಮಾರು 0.1 ವೋಲ್ಟ್ ನಷ್ಟ. ಮನೆ ವೈರಿಂಗಿಗೆ ಇದೆಲ್ಲ ಯಾರು ಲೆಕ್ಕ ಹಾಕ್ತಾರೆ, ಆದ್ರೆ ಆರು ವೋಲ್ಟಿನ ಬಡವನಿಗೆ ಒಂದೊಂದು ಪೈಸೆಯೂ ಲೆಕ್ಕ. ಅದಕ್ಕೆ 2.5ರ ವೈರು ಹಾಕಿದೆ. ಸಂಜೆ ಗೋಡೆಗೆ ಬೆಳಕು ಬಿಟ್ಟು ನೋಡಿದ್ರೆ, ಕೆಂಚ ಅವರೇ, ಮೇಣದಬತ್ತಿ ಅಲ್ಲ ಕಣ್ರೀ.

ಭಾನುವಾರ ಪಾಯಿಂಟಿನ ವೈರು ಬಿಚ್ಚಿ ಮೀಟರ್ ಹಾಕಿದೆ. ಸುಮ್ಮನಿತ್ತು. ಹ್ಯಾಂಡಲ್ ನಿಧಾನ ಎಡಕ್ಕೆ. ಮುಕ್ಕಾಲು ದಾಟಿದ ತಕ್ಷಣ ಬೀಪ್ ಅಂತು. ಹಿಂದಕ್ಕೆ ತಂದ್ರೆ ನಿಂತಿತು. ಹತ್ತು ಸಲ ಮಾಡಿದೆ, ಮಗುವಿನ ಆಟಿಕೆ ಥರ. ನನ್ನ ತಂಗಿ ಮಗ ಬಂದು ಅವನೂ ಹತ್ತು ಸಲ ಮಾಡಿದ.

ಟ್ಯಾಂಕ್ ಇಳಿಸಿದೆ. ಕಾಯಿಲಿನ 1ನೇ ಟರ್ಮಿನಲ್ಲಿಗೆ ಪಾಯಿಂಟಿನ ವೈರಿನ ಜೊತೆ ಇನ್ನೊಂದು ವೈರು ಬಿಗಿದಿತ್ತು. ಟೇಬಲ್ ಫ್ಯಾನ್ ವೈರಿನ ಕೆಂಪು ಎಳೆ! ಕಪ್ಪು ಎಳೆ ಫ್ರೇಮಿನ ಬೋಲ್ಟಿಗೆ. ಹೆಚ್ಚಾದ ವೈರನ್ನ ಕತ್ತರಿಸದೆ ನೀಟಾಗಿ ಸುರುಳಿ ಸುತ್ತಿ, ಹ್ಯಾಂಡಲ್ ಬುಡದ ವೈರಿನ ಕಟ್ಟಿಗೆ ಸೇರಿಸಿ ಮೇಣ ಹಚ್ಚಿದ ದಾರದಿಂದ ಕಟ್ಟಿತ್ತು. ಹೊಸ ಕ್ಲಚ್ ಕೇಬಲ್ ಆ ಕಟ್ಟಿನ ಒಳಮೈಯಿಂದ ಹಾದಿದೆ. ಎಡಕ್ಕೆ ತಿರುಗಿಸಿದಾಗೆಲ್ಲ ಕೇಬಲ್ ಸುರುಳಿಯನ್ನ ಫ್ರೇಮಿನ ಅಂಚಿಗೆ ಒತ್ತುತ್ತೆ. ಅಲ್ಲಿ ಕೆಂಪು ಎಳೆಯ ಹತ್ತಿಬಟ್ಟೆ ಸವೆದು, ಒಳಗಿನ ರಬ್ಬರ್ ಬೆರಳಿಗೆ ಪುಡಿಪುಡಿ ಉದುರಿ, ಅಕ್ಕಿಕಾಳು ಉದ್ದ ತಾಮ್ರ ಹೊಳೀತಿತ್ತು. ಇಷ್ಟು ವರ್ಷ ಏನೂ ಆಗದ್ದು ಎರಡು ತಿಂಗಳಲ್ಲಿ ಆಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು.

ವೈರು ಹಿಡ್ಕೊಂಡು ಹಿಂದಕ್ಕೆ ಹೋದೆ. ಸೀಟಿನ ಕೆಳಗೆ, ಕೈ ಹಾಕಿದ್ರೆ ಮಾತ್ರ ಸಿಗೋ ಜಾಗದಲ್ಲಿ, ಸೈಕಲ್ ಟ್ಯೂಬಿನ ತುಂಡಲ್ಲಿ ಸುತ್ತಿದ ಗಂಟು. ಬಿಚ್ಚಿದೆ. ಒಳಗೆ ಒಂದು ಟಾಗಲ್ ಸ್ವಿಚ್ಚು, ಬೆರಳುಗುರಿನಷ್ಟು ಕಡ್ಡಿ. ಈ ಕಡೆ ಹಾಕಿದ್ರೆ ಕೆಂಪು ಕಪ್ಪು ಸೇರುತ್ತೆ. ಅಂದ್ರೆ ಪಾಯಿಂಟ್ ಫ್ರೇಮಿಗೆ ಸೇರಿ ಇಂಜಿನ್ ಸ್ಟಾರ್ಟೇ ಆಗಲ್ಲ. ಆ ಕಡೆ ಹಾಕಿದ್ರೆ ಮಾಮೂಲು.

ಕಳ್ಳರಿಗೆ ಮಾಡಿದ ಸ್ವಿಚ್ಚು. ಹಳೇ ಜಾವಾದ ಕೀಲಿ ನೋಡಿದವರಿಗೆ ಗೊತ್ತು, ಅದು ಕೀಲಿ ಅಲ್ಲ, ಮೊಳೆ. ಸರಿಯಾದ ದಪ್ಪದ ಕಬ್ಬಿಣದ ಮೊಳೆ ಇದ್ರೆ ಯಾರು ಬೇಕಾದ್ರೂ ಆನ್ ಮಾಡಬಹುದು.

ಅಮ್ಮನ್ನ ಕರೆದು ತೋರಿಸಿದೆ. ಬಾಗಿ ನೋಡಿದ್ರು. "ಓ, ಇದಕ್ಕಾ? ನಿಮ್ಮಪ್ಪ ಗಾಡಿ ನಿಲ್ಲಿಸಿದ ಮೇಲೆ ದಿನಾ ಸೀಟಿನ ಕೆಳಗೆ ಒಂದ್ಸಲ ಕೈಯಾಡಿಸೋರು. ಧೂಳು ಒರೆಸ್ತಾರೆ ಅಂದ್ಕೊಂಡಿದ್ದೆ. ಇಷ್ಟು ಶುಚಿ ಮನುಷ್ಯ ಮನೇಲಿ ಒಂದು ಲೋಟ ಎತ್ತಿಡಲ್ವಲ್ಲ ಅಂತ ಎಷ್ಟು ಸಲ ಬೈದಿದ್ದೀನಿ" ಅಂದ್ರು. ಒಳಗೆ ಹೋಗಿ ಕುಕ್ಕರ್ ಇಳಿಸಿ ಮತ್ತೆ ಬಂದು ಸ್ವಿಚ್ಚನ್ನ ಒಂದ್ಸಲ ಟಕ್ ಅನ್ನಿಸಿ ನೋಡಿದ್ರು.

ಪ್ರಶ್ನೆ ಹಳೇ ಕೈ ಅವರಿಗೆ: ಇದನ್ನ ಇಟ್ಕೊಳ್ಲಾ? ಸ್ವಿಚ್ಚನ್ನ 15ರ ವೈರಿನ ನಡುವೆ ಹಾಕಿ ಕಾಯಿಲಿಗೆ ಬರೋ ಕರೆಂಟನ್ನೇ ಕಡಿಯೋದು ಸರಿಯಾದ ಕ್ರಮ ಅಲ್ವಾ? ಅಪ್ಪ ಯಾಕೆ ಹೀಗೆ ಮಾಡಿದ್ರು?

ಕಲಾಸಿಪಾಳ್ಯದ_ಹಳೇ_ಕೈ

ನಿಮ್ಮ ತಂದೆ ಯೋಚನೆ ಮಾಡಿಯೇ ಮಾಡಿದ್ದಾರೆ.

15ರ ನಡುವೆ ಸ್ವಿಚ್ ಹಾಕಿದ್ರೆ ಇಂಜಿನ್ನಿನ ಪೂರ್ತಿ ಕರೆಂಟು ಆ ಸ್ವಿಚ್ಚಿನ ಮೂಲಕ ಹೋಗಬೇಕು. ಆರು ವೋಲ್ಟಿನಲ್ಲಿ ಅದೂ ಒಂದು ನಷ್ಟ. ಸ್ವಿಚ್ಚಿಗೆ ಮಳೆ ನೀರು ಹೋಗಿ ಕಿಲುಬು ಹಿಡಿದ್ರೆ ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಯಶವಂತಪುರದ ಹತ್ತಿರ ನಿಂತುಬಿಡ್ತೀರಿ. ಅವರು ಹಾಕಿದ ಕ್ರಮದಲ್ಲಿ ಗಾಡಿ ಓಡುವಾಗ ಸ್ವಿಚ್ಚಿನಲ್ಲಿ ಕರೆಂಟೇ ಹರಿಯಲ್ಲ. ಸ್ವಿಚ್ಚು ಕೆಟ್ಟರೆ, ವೈರು ಕಿತ್ತುಹೋದ್ರೆ, ಕಳ್ಳನ ಕಾವಲು ಹೋಯ್ತು ಅಷ್ಟೇ, ಗಾಡಿ ಮನೆ ತಲುಪುತ್ತೆ. ದಿನಾ ಕೆಲಸಕ್ಕೆ ಹೋಗೋ ಮನುಷ್ಯನ ಬುದ್ಧಿ ಅದು.

ಅವರು ಎಡವಿದ್ದು ಒಂದೇ ಕಡೆ, ಫ್ರೇಮಿನ ಅಂಚಿನ ಹತ್ತಿರ ಸುರುಳಿ ಕಟ್ಟಿದ್ದು. ಇನ್ನೊಂದು ಸಣ್ಣ ದೋಷ. ಸ್ವಿಚ್ ಕಾವಲಿನಲ್ಲಿದ್ದಾಗ ಕಳ್ಳ ಮೊಳೆ ಹಾಕಿ ಆನ್ ಮಾಡಿ ಹಾಗೇ ಬಿಟ್ಟು ಓಡಿಹೋದ್ರೆ ಕಾಯಿಲ್ ಬೇಯುತ್ತೆ, ಬ್ಯಾಟರಿ ಖಾಲಿ. ಗಾಡಿಯೇ ಹೋಗೋದಕ್ಕಿಂತ ಕಾಯಿಲ್ ಹೋಗೋದು ವಾಸಿ.

ಇಟ್ಕೊಳ್ಳಿ. ಹೊಸ ಆಟೋ ವೈರು ಹಾಕಿ, ಹತ್ತಿಬಟ್ಟೆಯದು ಬೇಡ. ಅಳತೆಗೆ ಕತ್ತರಿಸಿ, ಸುರುಳಿ ಬೇಡ. ಕ್ಲಚ್ ಕೇಬಲ್ ಕಟ್ಟಿನ ಹೊರಮೈಯಿಂದ ಹಾಯಲಿ. ಬ್ಯಾಟರಿ ಪಕ್ಕ ಫ್ಯೂಸ್ ಎಷ್ಟರದು ಹಾಕಿದ್ದೀರಿ?

ಹನುಮಂತನಗರ_ಜಾವಾ

ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಸುಟ್ಟ ಫ್ಯೂಸ್ ಸಿಕ್ಕಿತು. ಅಪ್ಪ ಸಿಗರೇಟು ಸೇದ್ತಿರಲಿಲ್ಲ. ಹಾಗಾಗಿ ಇದು ಅವರ ಕೆಲಸ ಅಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. (ಅಮ್ಮ ಈ ವಾಕ್ಯ ಓದಿ "ಹ್ಞೂಂ" ಅಂದ್ರು. ಆ ಹ್ಞೂಂ ಯಾವ ಥರದ್ದು ಅಂತ ಅರ್ಥ ಆಗಲಿಲ್ಲ.) ಈಗ 15 ಆಂಪಿಯರ್ ಹಾಕಿದ್ದೀನಿ.

ಎಸ್.ಪಿ. ರೋಡಿನಿಂದ ಸ್ಲೀವ್, ಜೆ.ಸಿ. ರೋಡಿನಿಂದ ವೈರು, ಉಂಗುರ, ಬುಲೆಟ್ ಟರ್ಮಿನಲ್ ತಂದೆ. ಅಂಗಡಿಯವರು "ಯಾವ ಗಾಡಿಗೆ" ಅಂದ್ರು, ಜಾವಾ ಅಂದ ಮೇಲೆ ಹತ್ತು ನಿಮಿಷ ಅವರ ಚಿಕ್ಕಪ್ಪನ ಜಾವಾ ಕಥೆ ಕೇಳಿ ಬರಬೇಕಾಯ್ತು. ಹಳೇ ಸ್ವಿಚ್ಚನ್ನೇ ಉಳಿಸಿಕೊಂಡೆ. ಬಿಚ್ಚಿ ಪೆಟ್ರೋಲಲ್ಲಿ ತೊಳೆದೆ, ಒಳಗಿನ ಹಿತ್ತಾಳೆ ಇನ್ನೂ ಹಳದಿ. ಪಾಯಿಂಟ್ ಗ್ಯಾಪು 0.4 ಮಿಲಿಮೀಟರ್ ಇಟ್ಟೆ, ಅದೂ ಒಂದಾಯ್ತು. ಪಾಯಿಂಟಿನ ವೈರು ವಾಪಸ್ ಸೇರಿಸೋ ಮೊದಲು ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಮೀಟರ್ ಬಾಯಿ ಬಿಡಲಿಲ್ಲ. ತಂಗಿ ಮಗನಿಗೆ ಮಾತ್ರ ಬೇಜಾರು.

ಹಸಿರು ವೈರಿಗೆ ಸ್ಲೀವ್ ಹಾಕಿ ಚೀಟಿ ಅಂಟಿಸಿದ್ದೀನಿ: "ಗೊತ್ತಿಲ್ಲ".

ಬುಧವಾರ ಸಂಜೆ ಗಾಂಧಿಬಜಾರಿಗೆ ಹೋಗಿ, ಮಲ್ಲಿಗೆ ಹೂವು ತಗೊಂಡು, ಅಲ್ಲೇ ಪೂರ್ತಿ ಎಡಕ್ಕೆ ಯೂ ಟರ್ನ್ ಹೊಡೆದು ಬಂದೆ. ನಿಲ್ಲಲಿಲ್ಲ.

ಹುಬ್ಬಳ್ಳಿ_ಇನ್_ರಾಜಾಜಿನಗರ

ಶಬಾಶ್ ಮೇಡಮ್ಮಾರ! ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕ ಗಾಡಿ ತರ್ರಿ. ಆ ಟ್ಯೂಬ್ ಸುತ್ತಿದ ಸ್ವಿಚ್ ನಾನೂ ನೋಡಬೇಕು.

ಕಾರ್ಬ್_ಕೆಂಚ

ಅಕ್ಕಾ, ಗುರು ಅಂದಿದ್ದಕ್ಕೆ ಸಾರಿ. ಎಲ್ಲಾ ಸರಿ. ಆದ್ರೆ ಕಳ್ಳರ ಸ್ವಿಚ್ಚು ಸೀಟಿನ ಕೆಳಗಿದೆ ಅಂತ ಊರಿಗೆಲ್ಲ ಹೇಳ್ಬಿಟ್ರಲ್ಲ?

ಹನುಮಂತನಗರ_ಜಾವಾ

ಅಲ್ಲಿತ್ತು. ಹೊಸ ವೈರು ಎಳೆಯುವಾಗ ಜಾಗ ಬದಲಾಯಿಸಿದೆ.